ವಸೂಲಿ ಫೋನಿಗೆ ಅಂಜಬ್ಯಾಡ್ರಿ, ದಂಡದ ಲೆಕ್ಕ ಕೇಳ್ರಿ

ಅಕ್ಕಲಕೋಟ: ಕ್ರೆಡಿಟ್ ಕಾರ್ಡಿನ ಬಿಲ್ ತಪ್ಪಿತೋ, ವಸೂಲಿಯವರ ಫೋನು ಶುರು. ಮನೆಮಂದಿ ಮುಂದೆ ಮಾನ ಹೋಗುತ್ತದೆಂದು ಅಂಜಿ, ಕೈಗಡ ತಂದು ಅವರು ಹೇಳಿದಷ್ಟೂ ಕಟ್ಟುವವರಿದ್ದಾರೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ಖರ್ಚು ಮಾಡಿದ್ದು ಕಟ್ಟಲೇಬೇಕು, ಆ ಮಾತು ಬ್ಯಾರೆ. ಆದರೆ ದಂಡ? ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡಪಾವತಿ ಶುಲ್ಕ. ಅದೂ ಉಳಿದ ಬಾಕಿಯ ಮೇಲಷ್ಟೇ, ಇಡೀ ಬಿಲ್ಲಿನ ಮೇಲಲ್ಲ. ಹೆಚ್ಚು ಹಾಕಿದ್ದರೆ ಸ್ಟೇಟ್‌ಮೆಂಟಿನಲ್ಲಿ ಗುರುತು ಮಾಡಿ, ವಾಪಸ್ ಕೇಳಿ ಬ್ಯಾಂಕಿಗೆ ಬರೆದು ಕೊಡ್ರಿ, ಪೋಚ್ ತಗೊಳ್ರಿ. ಬಾಯಿಮಾತು ನಡೆಯೂದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ಮಾಹಿತಿ ಮರಾಠಿಯಲ್ಲೂ ಸಿಗುತ್ತದೆ, ಕನ್ನಡದಲ್ಲೂ.