ಚಾಕು ಹಿಡಿಯುವ ಮುನ್ನ ಹೆಸರು ಹೇಳಿ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಮೊದಲ ರೂಪದಲ್ಲಿ 19 ಅಂಶಗಳಿದ್ದವು. ರೋಗಿ ಇವರೇ ತಾನೆ, ಕೊಯ್ಯಬೇಕಾದ ಜಾಗ ಇದೇ ತಾನೆ, ಹಿಂದಿನ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಟ್ಟಾಯಿತೇ, ಬಳಸಿದ ಬಟ್ಟೆ, ಸೂಜಿ, ಉಪಕರಣಗಳ ಲೆಕ್ಕ ಸರಿಯಿದೆಯೇ ಎಂಬಂಥವು. ಇವುಗಳ ನಡುವೆ ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ಸಾಲಿದೆ: ಓಟಿಯೊಳಗೆ ಇರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಬಾಯಿಬಿಟ್ಟು ಹೇಳಬೇಕು. ಪಟ್ಟಿಯ ಜೀವ ಇರುವುದೇ ಈ ಸಾಲಿನಲ್ಲಿ ಎಂದು ನನ್ನ ನಂಬಿಕೆ. ನಮ್ಮ ಆಸ್ಪತ್ರೆಗಳಲ್ಲಿ ನರ್ಸ್ ಎಂದರೆ ಬರೀ ‘ಸಿಸ್ಟರ್’. ಹೆಸರು ಹಿಡಿದು ಯಾರೂ ಕರೆಯದ ಒಬ್ಬಾಕೆ, ಹಿರಿಯ ಸರ್ಜನ್‌ಗೆ ‘ಸರ್, ಒಂದು ನಿಮಿಷ ತಡೆಯಿರಿ’ ಎನ್ನಲು ಎಷ್ಟು ಧೈರ್ಯ ಬೇಕು! ತಂಡದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ಒಪ್ಪಿಕೊಂಡಿದ್ದರೆ ಆ ಧೈರ್ಯವನ್ನು ಆಕೆ ಒಬ್ಬಳೇ ಹೊರಬೇಕಾಗಿಲ್ಲ. ಆಕೆ ಎದುರುತ್ತರ ಕೊಡುತ್ತಿಲ್ಲ, ತನ್ನ ಪಾಲಿನ ಕೆಲಸ ಮಾಡುತ್ತಿದ್ದಾಳೆ.

ಸರ್ಜನ್ ಅತುಲ್ ಗವಾಂಡೆ ಮತ್ತು ಜೊತೆಗಾರರು ಈ ಪಟ್ಟಿಯನ್ನು ದೆಹಲಿ, ಮನಿಲಾ, ಲಂಡನ್, ಸಿಯಾಟಲ್ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಹಾಗಾದರೆ ಪಟ್ಟಿ ಅಂಟಿಸಿದರೆ ಸಾಕಲ್ಲ ಎನ್ನಬಹುದು. ಸಾಲದು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಆಸ್ಪತ್ರೆಗಳು ಪಟ್ಟಿ ಬಳಸಿದ ಲೆಕ್ಕವನ್ನು ಸಾರ್ವಜನಿಕವಾಗಿ ಕೊಡಬೇಕೆಂಬ ನಿಯಮ ಬಂತು. ಬಹುತೇಕ ಎಲ್ಲವೂ ಬಳಸುತ್ತಿದ್ದೇವೆ ಎಂದವು. ಆದರೆ 101 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಬಂದಾಗ ಸಾವಿನ ಪ್ರಮಾಣದಲ್ಲಿ ಎಣಿಸುವಂಥ ಇಳಿಕೆ ಕಾಣಲಿಲ್ಲ. ಪಟ್ಟಿಯೇ ನಿಷ್ಪ್ರಯೋಜಕ ಎಂದವರೂ ಇದ್ದಾರೆ. ಅಮೆರಿಕದ ಸೌತ್ ಕೆರೊಲಿನಾದ ಅನುಭವ ಬೇರೆ ಕಥೆ ಹೇಳುತ್ತದೆ: ಅಲ್ಲಿ ಸ್ವಇಚ್ಛೆಯಿಂದ ಸೇರಿ, ಪಟ್ಟಿಯನ್ನು ತಮಗೆ ಹೊಂದಿಸಿಕೊಂಡು, ತರಬೇತಿಯನ್ನು ಕೊನೆಯವರೆಗೂ ಮುಗಿಸಿದ ಆಸ್ಪತ್ರೆಗಳಲ್ಲಿ ಸಾವು ಇಳಿಯಿತು. ಉತ್ಸಾಹ ಇದ್ದವರೇ ಸೇರಿದ್ದರಿಂದ ಹೀಗಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನನ್ನ ವಾದವೂ ಅದೇ ಅಲ್ಲವೇ? ಮೇಲಿನಿಂದ ಬಂದ ಕಾಗದಕ್ಕೆ ಟಿಕ್ ಹಾಕುವುದು ಬೇರೆ, ಕೂತು ಮಾತಾಡಿ ಒಪ್ಪಿದ್ದನ್ನು ಪಾಲಿಸುವುದು ಬೇರೆ.

ಇಪ್ಪತ್ತು ವರ್ಷ ಅನುಭವ ಇರುವವರಿಗೆ ಇದು ಅವಮಾನವೆನಿಸಬಹುದು. ಅವರ ಕೈ ಬಗ್ಗೆ ಇಲ್ಲಿ ಯಾರಿಗೂ ಅನುಮಾನವಿಲ್ಲ, ಮರೆವು ಅನುಭವಸ್ಥರನ್ನೂ ಬಿಡುವುದಿಲ್ಲ ಅಷ್ಟೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಐಸಿಯುನಲ್ಲಿ ಪೀಟರ್ ಪ್ರೊನೊವೋಸ್ಟ್, ರಕ್ತನಾಳಕ್ಕೆ ಕೊಳವೆ ಹಾಕುವಾಗ ಕೈ ತೊಳೆಯುವುದರಂಥ ಐದು ಹೆಜ್ಜೆಗಳಲ್ಲಿ ಒಂದು ತಪ್ಪಿದರೂ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಡಿಸಿದರು, ಆಡಳಿತವೂ ಅವರ ಬೆನ್ನಿಗೆ ನಿಂತಿತು. ಆ ಐದು ಹೆಜ್ಜೆ ವೈದ್ಯರಿಗೆ ಮೊದಲೇ ಗೊತ್ತಿದ್ದವು. ಹೊಸದಾಗಿದ್ದುದು ತಡೆಯಬಹುದೆಂಬ ಒಪ್ಪಂದ ಮಾತ್ರ.