ಒಂದು ಸಹಿ, ಎರಡು ಕೈ

ಕಿಟಕಿಯ ತುಂಬ ಹೂಕುಂಡ, ಬಣ್ಣ ಬಳಿದ ಮರದ ಕುರ್ಚಿ, ಮಗ್ಗದಲ್ಲಿ ನೇಯ್ದ ಬಟ್ಟೆ, ಎಲ್ಲದರ ಮೇಲೂ ತಿಳಿಯಾದ ಬೆಳಕು. ಸ್ವೀಡನ್ನಿನ ಹಳ್ಳಿಮನೆ ಎಂದೊಡನೆ ಹೊರಜಗತ್ತಿನ ಮನಸ್ಸಿನಲ್ಲಿ ಮೂಡುವ ಈ ನೋಟವನ್ನು ಕಟ್ಟಿಕೊಟ್ಟವುಗಳಲ್ಲಿ ಕಾರ್ಲ್ ಲಾರ್ಸನ್ ಅವರ ಜಲವರ್ಣ ಚಿತ್ರಗಳಿಗೆ ದೊಡ್ಡ ಪಾಲಿದೆ. ಚಿತ್ರಗಳ ಮೂಲೆಯಲ್ಲಿರುವುದು ಅವರೊಬ್ಬರ ಸಹಿ. ಆದರೆ ಆ ಕೋಣೆಗಳು ಹುಟ್ಟಿದ ಬಗೆಯನ್ನು ನೋಡಿದರೆ, ಅವರ ಹೆಂಡತಿ ಕಾರಿನ್ ಅವರೂ ಈ ಚಿತ್ರಗಳ ಕರ್ತೃ ಎಂದು ಒಪ್ಪಲೇಬೇಕಾಗುತ್ತದೆ.

ಇಬ್ಬರೂ ಸ್ಟಾಕ್‌ಹೋಮಿನ ರಾಯಲ್ ಕಲಾ ಅಕಾಡೆಮಿಯಲ್ಲಿ ಕಲಿತವರು. 1853ರಲ್ಲಿ ಹುಟ್ಟಿದ ಕಾರ್ಲ್ ಆ ನಗರದ ಕಡುಬಡತನದಲ್ಲಿ ಬೆಳೆದರು. 1859ರಲ್ಲಿ ಹುಟ್ಟಿದ ಕಾರಿನ್ ಅನುಕೂಲಸ್ಥ ವ್ಯಾಪಾರಿಯ ಮಗಳು. ಅವರನ್ನು ಒಂದುಗೂಡಿಸಿದ್ದು ಪ್ರವಾಸ. ಪ್ಯಾರಿಸ್ಸಿನ ದಕ್ಷಿಣಕ್ಕೆ, ಲ್ವಾಂ ನದಿಯ ದಡದಲ್ಲಿರುವ ಗ್ರೇ ಎಂಬ ಹಳ್ಳಿಯಲ್ಲಿ ಆಗ ದೇಶದೇಶದ ಚಿತ್ರಕಾರರು ಬೀಡುಬಿಟ್ಟಿದ್ದರು. 1882ರಲ್ಲಿ ಇಬ್ಬರೂ ಅಲ್ಲಿದ್ದರು, ಮರುವರ್ಷ ಮದುವೆಯಾದರು. ಪ್ಯಾರಿಸ್ಸಿನಲ್ಲಿ ತೈಲಚಿತ್ರಗಳನ್ನು ಬರೆದು ಹೆಸರು ಗಳಿಸಲಾಗದೆ ಸೋತಿದ್ದ ಕಾರ್ಲ್, ಗ್ರೇಯಲ್ಲಿ ಜಲವರ್ಣಕ್ಕೆ ತಿರುಗಿದರು. ತೈಲವರ್ಣದಲ್ಲಿ ಬೆಳಕನ್ನು ಬಣ್ಣದಿಂದಲೇ ಕಟ್ಟಬಹುದು. ಜಲವರ್ಣದಲ್ಲಿ ಬಣ್ಣ ತೆಳುವಾಗಿ ಹರಡಿ, ಕೆಳಗಿನ ಬಿಳಿ ಕಾಗದವೇ ಬೆಳಕಾಗುತ್ತದೆ. ತರಕಾರಿ ತೋಟ, ಮುದುಕ, ಮೋಡ ಕವಿದ ಆಕಾಶದಂಥ ಹಳ್ಳಿಯ ಸರಳ ವಸ್ತುಗಳಿಗೆ ಈ ಮಾಧ್ಯಮ ಹೇಳಿಮಾಡಿಸಿದಂತಿತ್ತು. ಪರನಾಡಿನ ಹಳ್ಳಿಯಲ್ಲಿ ಪಳಗಿದ ಕಣ್ಣನ್ನೇ ಇಬ್ಬರೂ ತಮ್ಮ ನಾಡಿಗೆ ಹೊತ್ತು ತಂದರು.

1888ರಲ್ಲಿ ಕಾರಿನ್ ಅವರ ತಂದೆ ದಾಲಾರ್ನಾ ಪ್ರಾಂತದ ಸುಂದ್‌ಬೋರ್ನ್ ಹಳ್ಳಿಯಲ್ಲಿ ಒಂದು ಪುಟ್ಟ ಮರದ ಮನೆಯನ್ನು ಈ ದಂಪತಿಗೆ ಕೊಟ್ಟರು. ಗೋಡೆ ಬಾಗಿಲುಗಳ ಮೇಲೆ ಕಾರ್ಲ್ ಚಿತ್ರ ಬಿಡಿಸಿದರು. ಪರದೆ, ಮೇಜುಬಟ್ಟೆ, ದಿಂಬುಗಳನ್ನು ಕಾರಿನ್ ನೇಯ್ದರು, ಕಸೂತಿ ಹಾಕಿದರು. ಪೀಠೋಪಕರಣಗಳ ವಿನ್ಯಾಸವನ್ನೂ ತಾವೇ ಮಾಡಿದರು. ತಾವೂ ಮಕ್ಕಳೂ ತೊಡುವ ಸಡಿಲ ಉಡುಪುಗಳನ್ನು ರೂಪಿಸಿದರು. ಮನೆಯ ಒಳಾಂಗಣವನ್ನು ಚಿತ್ರಿಸುವ ಸಲಹೆ ಬಂದದ್ದೂ, ಮಳೆ ಬಿಡದೆ ಸುರಿದ ಒಂದು ಬೇಸಿಗೆಯಲ್ಲಿ, ಕಾರಿನ್ ಅವರಿಂದಲೇ. ಹಾಗೆ ಶುರುವಾದ ಚಿತ್ರಗಳಲ್ಲಿ 24 ಸೇರಿ 1899ರಲ್ಲಿ ‘ಒಂದು ಮನೆ’ ಎಂಬ ಅರ್ಥದ ‘ಎಟ್ ಹೆಮ್’ ಪುಸ್ತಕವಾಯಿತು. ಅಚ್ಚುಕಟ್ಟಾದ ಗೆರೆ, ನಡುವೆ ಸಮನಾಗಿ ತುಂಬಿದ ತೆಳುಬಣ್ಣ ಕಾರ್ಲ್ ಅವರ ಶೈಲಿ. ಬಟ್ಟೆಯ ಪ್ರತಿ ಪಟ್ಟೆಯೂ ಅದರಲ್ಲಿ ಸ್ಪಷ್ಟವಾಗಿ ಉಳಿಯುತ್ತದೆ. ಹೀಗಾಗಿ ನಾವು ನೋಡುವುದು ಒಬ್ಬ ಕಲಾವಿದೆಯ ಕೃತಿಯನ್ನು ಇನ್ನೊಬ್ಬ ಕಲಾವಿದ ಬರೆದಿಟ್ಟ ಬಗೆಯನ್ನು.

ವಸ್ತು ಯಾರದಾದರೇನು, ಚಿತ್ರ ಬರೆದವನದ್ದೇ ಅಲ್ಲವೇ ಎಂದು ಕೇಳಬಹುದು. ಬೆಟ್ಟವನ್ನೋ ನದಿಯನ್ನೋ ಬರೆದಾಗ ಆ ಮಾತು ಸರಿ. ಇಲ್ಲಿ ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬ ತೀರ್ಮಾನಗಳಲ್ಲಿ ಹಲವನ್ನು ಕುಂಚ ಕಾಗದ ಮುಟ್ಟುವ ಮೊದಲೇ ಕಾರಿನ್ ಮಾಡಿ ಮುಗಿಸಿದ್ದರು. ಈ ಚಿತ್ರಗಳಲ್ಲಿ ನೋವೇ ಇಲ್ಲ, ಹಳ್ಳಿಬಾಳು ಇಷ್ಟು ಹಸನಲ್ಲ ಎಂಬುದು ಇನ್ನೊಂದು ತಕರಾರು. ಅದು ನಿಜ. ಬಡತನದ ಬಾಲ್ಯದ ಕಹಿಯನ್ನು ಕಾರ್ಲ್ ತಮ್ಮ ಆತ್ಮಕಥೆಗೆ ಬಿಟ್ಟರು. ಅದು ಅವರ ಮರಣಾನಂತರ, 1931ರಲ್ಲಿ ಹೊರಬಂತು. ಆದರೆ ಈ ಮನೆ ಕಂಡದ್ದನ್ನು ಕಂಡಂತೆ ಹೇಳುವ ವರದಿಯಲ್ಲ. ಬೇಕೆಂದು ಕಟ್ಟಿಕೊಂಡ ಬದುಕು. ಕಟ್ಟಿದ್ದೇ ಹೌದಾದರೆ ಕಟ್ಟಿದವರೆಲ್ಲರ ಹೆಸರೂ ಹೇಳಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಕಾರಿನ್ ಮದುವೆಯ ನಂತರ ಚಿತ್ರ ಬರೆಯುವುದನ್ನು ಬಹುತೇಕ ಬಿಟ್ಟರು. ಎಂಟು ಮಕ್ಕಳನ್ನು ಹೆತ್ತರು. ಇದನ್ನು ಜೊತೆಗಾರಿಕೆ ಎಂದು ಹೊಗಳಿದರೆ ಅವರ ನಷ್ಟವನ್ನು ಮುಚ್ಚಿಟ್ಟಂತಲ್ಲವೇ? ನಷ್ಟ ನಿಜವಾದದ್ದೇ. ಆದರೆ ಕುಂಚ ಬಿಟ್ಟ ಕೈ ಸುಮ್ಮನೆ ಕೂರಲಿಲ್ಲ, ಮಗ್ಗ ಹಿಡಿಯಿತು. ನೇಯ್ಗೆಯನ್ನು ಮನೆಗೆಲಸವೆಂದು ಬದಿಗಿಟ್ಟರೆ ಅವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ.

ಸುಂದ್‌ಬೋರ್ನಿನ ಆ ಮನೆ ಇಂದು ಸಂಗ್ರಹಾಲಯವಾಗಿದೆ. ಅದಕ್ಕಿರುವುದು ಕಾರ್ಲ್ ಅವರೊಬ್ಬರ ಹೆಸರು. 1997ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ನಡೆಸಿದ ಪ್ರದರ್ಶನದ ಶೀರ್ಷಿಕೆಯಲ್ಲಿ ಎರಡೂ ಹೆಸರುಗಳಿದ್ದವು. ಆ ಶೀರ್ಷಿಕೆಯೇ ಸರಿ.