ಕೈ ಕೆಲಸ ಮಾಡಿದರೆ ಕಲಿತಂತಾ?

ಲ್ಯಾಬ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ರೆಕಾರ್ಡ್ ಬುಕ್. ಉತ್ತರ ಮೊದಲೇ ಗೊತ್ತಿರುತ್ತೆ, ರೀಡಿಂಗ್ ಅದಕ್ಕೆ ಹೊಂದಿದರೆ ಸಾಕು. ಕೈಯೇನೋ ಕೆಲಸ ಮಾಡಿತು, ಕಲಿಕೆ ಆಯ್ತಾ?

‘ಮಾಡಿ ಕಲಿ’ ಎನ್ನುವ ಮಾತು ನಮ್ಮ ಕರಾವಳಿಗೆ ಹೊಸತಲ್ಲ. ಈಗಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೇ ನಡೆಸಿದರು. ಅದೇ ದಾರಿಯಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಲ್ಲಿ ಇವತ್ತು ಏನೇನು ಮಾಡಬಹುದು? ಮೂರು ವಿಷಯ ನೋಡೋಣ.

ವಿಜ್ಞಾನ: ಬೈಂದೂರು ತಾಲೂಕಿನ ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಒಂದು ಸ್ಟ್ರಾದ ತುದಿಗೆ ಜೇಡಿಮಣ್ಣು ಮೆತ್ತಿ, ಸಿಹಿನೀರಲ್ಲಿ 10 ಸೆಂ.ಮೀ. ಮುಳುಗಿ ನೆಟ್ಟಗೆ ತೇಲುವಂತೆ ಮಾಡಿ. ಸಮುದ್ರದ ನೀರಲ್ಲಿ ಅದು ಮೇಲೇಳುವುದು ಸುಮಾರು ಎರಡೂವರೆ ಮಿ.ಮೀ. ಮಾತ್ರ! ನದಿ ನೀರನ್ನು ಮಳೆಗಾಲ ಮುಗಿದ ಮೇಲೊಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ತಂದು ಅಳೆದರೆ ಬೇಸಿಗೆಯ ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗುವುದೂ ಗೊತ್ತಾಗುತ್ತೆ. ಸಾಂದ್ರತೆ, ಭೂಗೋಳ, ಊರಿನ ಬಾವಿ ಎಲ್ಲ ಒಂದೇ ಪಾಠ.

ಗಣಿತ: ಯಕ್ಷಗಾನದ ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಏಕತಾಳಕ್ಕೆ ನಾಲ್ಕು. ತರಗತಿಯನ್ನು ಎರಡು ಗುಂಪು ಮಾಡಿ ಒಟ್ಟಿಗೆ ತಾಳ ಹಾಕಿಸಿ. ಇಬ್ಬರ ಮೊದಲ ಪೆಟ್ಟು ಮತ್ತೆ ಒಟ್ಟಾಗುವುದು 28 ಅಕ್ಷರ ಮುಗಿದ ಮೇಲೆ. ಅದೇ ಲ.ಸಾ.ಅ.

ಕನ್ನಡ: ಮನೆಯಲ್ಲಿ ‘ಹೋಯ್ಕ್, ಬರ್ಕ್, ಮಾಡ್ಕ್’ ಅನ್ನುವ ಮಗು ಪುಸ್ತಕದ ‘ಹೋಗಬೇಕು, ಬರಬೇಕು, ಮಾಡಬೇಕು’ ಪಕ್ಕ ಇಟ್ಟು ನೋಡಲಿ. ‘ಬೇಕು’ ಸವೆದು ‘ಕ್’ ಆದ ನಿಯಮ ಅದೇ ಹುಡುಕುತ್ತೆ. ವ್ಯಾಕರಣ ಬಾಯಿಪಾಠದ ಸರಕಲ್ಲ, ಕುಂದಾಪ್ರ ಕನ್ನಡ ‘ತಪ್ಪು ಕನ್ನಡ’ವೂ ಅಲ್ಲ ಅಂತ ಆಗ ತಿಳಿಯುತ್ತೆ.

ಮೂರರಲ್ಲೂ ಗುಟ್ಟು ಒಂದೇ. ಮುಟ್ಟುವ ಮೊದಲು ಮಗು ಊಹೆ ಹೇಳಬೇಕು: ಸ್ಟ್ರಾ ಏಳುತ್ತಾ, ಮುಳುಗುತ್ತಾ? ಎಷ್ಟನೇ ಅಕ್ಷರಕ್ಕೆ ತಾಳ ಕೂಡುತ್ತೆ? ಆಮೇಲೆ ಮಾಡಿ, ಅಳೆದು, ಊಹೆ ಎಲ್ಲಿ ತಪ್ಪಿತು ಅಂತ ಚರ್ಚೆ ಮಾಡಬೇಕು. ಊಹೆಯೇ ಇಲ್ಲದಿದ್ದರೆ ಅದು ಬರೀ ಕರಕುಶಲ. ಚರ್ಚೆ ಇಲ್ಲದಿದ್ದರೆ ಬರೀ ಪಿಕ್‌ನಿಕ್.

ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿ ಶಾಲೆಗೆ ಹೋಗುವಾಗ ನಾವು ಹೊಳೆಯುವ ಮಾಡೆಲ್ ಹೊತ್ತೊಯ್ಯುತ್ತೇವೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆದರೆ ಯೋಚನೆಯೆಲ್ಲ ನಮ್ಮದೇ ಆಗಿರುತ್ತೆ. ಮುಂದಿನ ಸಲ ನಾಲ್ಕು ಸ್ಟ್ರಾ, ಒಂದು ಮುಷ್ಟಿ ಜೇಡಿಮಣ್ಣು, ಒಂದು ಪ್ರಶ್ನೆ ಒಯ್ಯೋಣ. ಉತ್ತರ ಮಾತ್ರ ಬ್ಯಾಗಲ್ಲೇ ಇರಲಿ. ನಮ್ಮ ಲ್ಯಾಬಲ್ಲೂ ಸ್ವಿಚ್ ಹಾಕುವ ಮೊದಲು ಒಂದು ಊಹೆ ಬರೆದಿಡೋಣ, ಆಗದಾ?